ಮತ್ತಿತರರು ಉಪಸ್ಥಿತರಿದ್ದರು

ನಮ್ಮ ಅಜ್ಜನ ಹೆಸರು ಒಂದೇ ಒಂದು ಸಲ ಪೇಪರ್‌ನಲ್ಲಿ ಬಂದಿತ್ತಂತೆ. ಅಮ್ಮ ಇದನ್ನು ಎಷ್ಟು ಸಲ ಹೇಳಿದ್ದಾಳೋ ಲೆಕ್ಕ ಇಲ್ಲ. ಅಜ್ಜ ಅಂದರೆ ಅಮ್ಮನ ಅಪ್ಪ. ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿ ಕೆಲಸಕ್ಕಿದ್ದವರು. 1974ರ ಬೇಸಿಗೆಯಲ್ಲಿ ಮಿಲ್ಲಿನ ಗೇಟಿನ ಮುಂದೆ ಒಂದು ಸಭೆ ಆಯಿತು. ರಾತ್ರಿ ಪಾಳಿಯವರಿಗೆ ಕುಡಿಯೋಕೆ ಒಳ್ಳೆ ನೀರು ಬೇಕು ಅಂತ ಅಜ್ಜ ಎದ್ದು ನಿಂತು ಮಾತಾಡಿದರು. ಮುಂದಿನ ವಾರ ಊರಿನ ಒಂದು ಸಣ್ಣ ವಾರಪತ್ರಿಕೆಯಲ್ಲಿ ಸುದ್ದಿ ಬಂತು. ಅಜ್ಜಿಗೆ ಓದೋಕೆ ಬರುತ್ತಿರಲಿಲ್ಲ. ಪಕ್ಕದ ಮನೆಯವರ ಹತ್ತಿರ ಓದಿಸಿ, "ಹೆಸರು ಎಲ್ಲಿದೆ, ಬೆರಳಿಟ್ಟು ತೋರಿಸ್ರಿ" ಅಂದಿದ್ದರಂತೆ. ಆಮೇಲೆ ಅದನ್ನು ಕತ್ತರಿಸಿ ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗೆ ಇಟ್ಟರು. ಎಷ್ಟೋ ವರ್ಷದ ಮೇಲೆ ಮನೆ ಬದಲಾಯಿಸುವಾಗ ತೆಗೆದು ನೋಡಿದರೆ ಗೆದ್ದಲು ತಿಂದಿತ್ತು.

ಅಜ್ಜ ಹೋಗಿ ಇಪ್ಪತ್ತು ವರ್ಷ ದಾಟಿದೆ. ಅಮ್ಮನಿಗೆ ಎಪ್ಪತ್ತು ತುಂಬಿದಾಗ ಏನು ಬೇಕಮ್ಮ ಅಂತ ಕೇಳಿದೆ. "ಆ ಪೇಪರ್ ಎಲ್ಲಾದರೂ ಸಿಗುತ್ತಾ ನೋಡು" ಅಂದಳು. ಅಲ್ಲಿಂದ ಶುರುವಾಯಿತು ನನ್ನ ಹುಡುಕಾಟ.

ಮೊದಲು ಒಂದು ಗ್ರಂಥಾಲಯಕ್ಕೆ ಹೋದೆ. ಊರಿನ ಹಳೇ ಪತ್ರಿಕೆಗಳು ಅಲ್ಲಿ ಒಂದು ಕಾಲಕ್ಕೆ ರಾಶಿ ಇದ್ದವಂತೆ. ಜಾಗ ಸಾಲದೆ ಕೆಜಿ ಲೆಕ್ಕದಲ್ಲಿ ರದ್ದಿಗೆ ಹಾಕಿಬಿಟ್ಟಿದ್ದರು. ಹೇಳಿದವರಿಗೂ ಬೇಜಾರಿತ್ತು. ದಾವಣಗೆರೆಯಲ್ಲಿ ರದ್ದಿ ಪೇಪರ್ ಎಲ್ಲಿಗೆ ಹೋಗುತ್ತೆ ಅಂತ ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಮಂಡಕ್ಕಿ ಪೊಟ್ಟಣಕ್ಕೆ, ಮೆಣಸಿನಕಾಯಿ ಬಜ್ಜಿ ಕಟ್ಟೋಕೆ. ಅವತ್ತು ಸಂಜೆ ರೈಲ್ವೆ ಸ್ಟೇಷನ್ ಎದುರಿನ ರಾಜನಹಳ್ಳಿ ಹನುಮಂತಪ್ಪನವರ ಛತ್ರದ ಹತ್ತಿರ ನಿಂತುಕೊಂಡು ಯೋಚನೆ ಮಾಡಿದೆ. ಊರಿಗೆ ಒಳ್ಳೇದು ಮಾಡಿದ ದೊಡ್ಡವರ ಹೆಸರು ಛತ್ರದ ಮೇಲೆ, ಸರ್ಕಲ್ಲಿನ ಮೇಲೆ, ಕಾಲೇಜಿನ ಮೇಲೆ ಇದೆ. ಅದು ಇರಬೇಕು ಕೂಡ. ಉಳಿದವರ ಹೆಸರು ಇದ್ದದ್ದು ಆ ಪೇಪರ್‌ನಲ್ಲಿ ಮಾತ್ರ ಅಲ್ವಾ?

ಪೇಪರ್ ಅನ್ನೋದು ನಮ್ಮ ಕಡೆಗೆ ಬಂದ ದಾರಿಯನ್ನು ಸ್ವಲ್ಪ ಹೇಳುತ್ತೇನೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಶುರುವಾದದ್ದು 1843ರ ಜುಲೈ 1ರಂದು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕರು. ಜುಲೈ 1 ಈಗಲೂ ನಮಗೆ ಪತ್ರಿಕಾ ದಿನ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಮುಂದಿನ ವರ್ಷವೇ ಆ ಪತ್ರಿಕೆ ಬಳ್ಳಾರಿಗೆ ಬಂತು, 'ಕನ್ನಡ ಸಮಾಚಾರ' ಅಂತ ಹೆಸರು ಬದಲಾಯಿತು ಅನ್ನೋದು ಎಷ್ಟೋ ಜನರಿಗೆ ಗೊತ್ತಿಲ್ಲ. ಬಳ್ಳಾರಿ ಅಂದರೆ ನಮ್ಮ ಮೊಳಕಾಲ್ಮೂರಿನ ಮಗ್ಗುಲು. ಕರಾವಳಿಯಲ್ಲಿ ಹುಟ್ಟಿದ ಪತ್ರಿಕೆ ವರ್ಷ ತುಂಬುವುದರೊಳಗೆ ಬಯಲುಸೀಮೆಗೆ ಬಂದಿತ್ತು ಅನ್ನೋದು ನನಗೆ ಬಹಳ ಖುಷಿ ಕೊಡೋ ಸಂಗತಿ.

ದಾವಣಗೆರೆ, ಚಿತ್ರದುರ್ಗ ಎರಡೂ ಮೈಸೂರು ಸಂಸ್ಥಾನದಲ್ಲಿದ್ದವು. ಅಲ್ಲಿ 1908ರಲ್ಲಿ ಪತ್ರಿಕೆಗಳ ಮೇಲೆ ಬಿಗಿಯಾದ ಕಾಯ್ದೆ ಬಂತು. ಸರ್ಕಾರದ ಒಪ್ಪಿಗೆ ಇಲ್ಲದೆ ಪತ್ರಿಕೆ ನಡೆಸುವಂತಿರಲಿಲ್ಲ. 'ತಾತಯ್ಯ' ಅಂತ ಜನ ಪ್ರೀತಿಯಿಂದ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಸ್ವಾತಂತ್ರ್ಯ ಬಂದ ಮೇಲೆ, 1948ರಲ್ಲಿ ಬೆಂಗಳೂರಿನಿಂದ 'ಪ್ರಜಾವಾಣಿ' ಹೊರಟಿತು. ಅದನ್ನು ಕಟ್ಟಿದ ಕೆ.ಎನ್. ಗುರುಸ್ವಾಮಿಯವರೂ ಬಳ್ಳಾರಿ ಕಡೆಯವರೇ. ಹುಬ್ಬಳ್ಳಿಯಿಂದ 'ಸಂಯುಕ್ತ ಕರ್ನಾಟಕ' ಬರುತ್ತಿತ್ತು. ದಾವಣಗೆರೆ ಈ ಎರಡೂ ಊರುಗಳ ನಡುವಿನ ರೈಲು ದಾರಿಯ ಮೇಲಿದೆ. ಒಂದು ದಿಕ್ಕಿನಿಂದ ಬೆಂಗಳೂರಿನ ಸುದ್ದಿ, ಇನ್ನೊಂದು ದಿಕ್ಕಿನಿಂದ ಹುಬ್ಬಳ್ಳಿಯ ಸುದ್ದಿ. ಮಧ್ಯದಲ್ಲಿದ್ದ ಊರಿನ ಸುದ್ದಿ ಮಾತ್ರ ಎರಡರಲ್ಲೂ ನಾಲ್ಕು ಸಾಲು.

ಆ ನಾಲ್ಕು ಸಾಲು ಸಾಲದೆ ಹೋದದ್ದರಿಂದಲೇ ಊರ ಪತ್ರಿಕೆ ಹುಟ್ಟಿತು ಅಂತ ನನ್ನ ನಂಬಿಕೆ. ದಾವಣಗೆರೆ ಮೊದಲಿನಿಂದಲೂ ವ್ಯಾಪಾರದ ಊರು. ಹೈದರಾಲಿ ಇದನ್ನು ಅಪ್ಪೋಜಿರಾಮ ಅನ್ನುವ ಮರಾಠ ಸರದಾರನಿಗೆ ಜಹಗೀರು ಕೊಟ್ಟ. ಅವನು ವರ್ತಕರನ್ನು ಕರೆತಂದು ನೆಲೆಗೊಳಿಸಿದ. ಹಾಗೆ ಬೆಳೆದ ಪೇಟೆ ಇದು. ಆಮೇಲೆ ಹತ್ತಿ ಮಿಲ್ಲುಗಳು ಬಂದವು. ದಾವಣಗೆರೆ ಕಾಟನ್ ಮಿಲ್ಲು ಹೋಗಿ ಎಷ್ಟೋ ಕಾಲವಾದರೂ 'ಡಿಸಿಎಂ ಟೌನ್‌ಶಿಪ್' ಅನ್ನೋ ಹೆಸರು ಉಳಿದಿದೆ. ಪಕ್ಕದ ಹರಿಹರದಲ್ಲಿ ಕಿರ್ಲೋಸ್ಕರ್ ಕಾರ್ಖಾನೆ ಇತ್ತು. ಇಂಥ ಊರಿಗೆ ಬೇಕಾದ ಸುದ್ದಿಯೇ ಬೇರೆ. ಭದ್ರಾ ನಾಲೆಗೆ ನೀರು ಯಾವತ್ತು ಬಿಡುತ್ತಾರೆ, ಕೊನೆ ಭಾಗದ ಗದ್ದೆಗೆ ಅದು ಮುಟ್ಟುತ್ತಾ, ಮೆಕ್ಕೆಜೋಳ ಏನು ರೇಟು, ಚನ್ನಗಿರಿ ಅಡಿಕೆ ಎಷ್ಟಕ್ಕೆ ನಿಂತಿದೆ, ಚಳ್ಳಕೆರೆ ಕಡೆ ಶೇಂಗಾ ಹೇಗಿದೆ. ಇದನ್ನು ಬೆಂಗಳೂರಿನ ಪತ್ರಿಕೆಗೆ ಕಾಯುತ್ತಾ ಕೂರೋಕಾಗಲ್ಲ.

ಎಪ್ಪತ್ತರ ದಶಕದಲ್ಲಿ ಎಚ್.ಎನ್. ಷಡಾಕ್ಷರಪ್ಪನವರು ಕಟ್ಟಿದ 'ಜನತಾವಾಣಿ' ಇಂದಿಗೂ ದಾವಣಗೆರೆಯ ಮನೆಮನೆಯ ಪತ್ರಿಕೆ. 'ನಗರವಾಣಿ'ಯೂ ನಮ್ಮೂರಿನದೇ. ಹೊರಗಿನಿಂದ ಬಂದವರು ನಮ್ಮ ಪತ್ರಿಕೆ ನೋಡಿ ಆಶ್ಚರ್ಯಪಡುವುದು ಒಂದು ವಿಷಯಕ್ಕೆ. ಮೊದಲ ಪುಟದಲ್ಲೇ ತೀರಿಕೊಂಡವರ ಫೋಟೋ. ಕೈಲಾಸ ಶಿವಗಣಾರಾಧನೆಯ ಆಹ್ವಾನ. ಇಂಥ ದಿನ, ಇಂಥ ಜಾಗ, ಇಂತಿ ದುಃಖತಪ್ತ ಕುಟುಂಬ ವರ್ಗ. ನಮ್ಮ ಮನೆಯಲ್ಲಿ ಅಪ್ಪ ಪೇಪರ್ ಕೈಗೆತ್ತಿಕೊಂಡರೆ ಮೊದಲು ಓದುತ್ತಿದ್ದದ್ದು ಅದನ್ನೇ. ಆಮೇಲೆ ರಾಜಕೀಯ. "ಅಯ್ಯೋ, ಮಂಡಿಪೇಟೆಯವರು ಹೋಗಿಬಿಟ್ರಲ್ಲೇ" ಅಂತ ಅಡುಗೆಮನೆಗೆ ಕೇಳುವ ಹಾಗೆ ಹೇಳುತ್ತಿದ್ದರು. ನಾನು ಚಿಕ್ಕವನಿದ್ದಾಗ ಇದು ಜಾಹೀರಾತು ಅಷ್ಟೇ ಅಂದುಕೊಂಡಿದ್ದೆ. ಈಗ ಹಾಗನ್ನಿಸಲ್ಲ. ಅಂಗಡಿಯವರು, ದಲಾಲಿ ಮಂಡಿಯವರು, ನಿವೃತ್ತ ಮೇಷ್ಟ್ರು, ಮಿಲ್ ಕಾರ್ಮಿಕರು, ಎಲ್ಲರ ಮುಖವೂ ಒಂದು ದಿನವಾದರೂ ಮೊದಲ ಪುಟಕ್ಕೆ ಬರುವ ಪತ್ರಿಕೆ ಬೇರೆ ಎಲ್ಲಿದೆ?

ಹುಡುಕಾಟದ ಆ ತಿಂಗಳುಗಳಲ್ಲಿ ನನಗೆ ಒಂದು ವಿಷಯ ಗಟ್ಟಿಯಾಗಿ ಮನಸ್ಸಿಗೆ ಬಂತು. ರಾಜ್ಯದ ದೊಡ್ಡ ಪತ್ರಿಕೆಯಲ್ಲಿ ನಮ್ಮ ಊರಿನವರು ಎರಡು ಸಲ ಬರುತ್ತಾರೆ. ಗೆದ್ದಾಗ ಒಂದು ಸಲ, ಸತ್ತಾಗ ಒಂದು ಸಲ. ಅದರ ನಡುವಿನ ದಿನಗಳು ಇರುವುದು ಊರ ಪತ್ರಿಕೆಯಲ್ಲಿ ಮಾತ್ರ.

ಸಿಪಿಐನ ಪಂಪಾಪತಿಯವರನ್ನೇ ನೋಡಿ. 1978, 1983, 1985, ಸತತ ಮೂರು ಸಲ ದಾವಣಗೆರೆಯಿಂದ ವಿಧಾನಸಭೆಗೆ ಹೋದರು. ಮೂರು ಫಲಿತಾಂಶ ಎಲ್ಲಿ ಬೇಕಾದರೂ ಸಿಗುತ್ತವೆ. ಆದರೆ ಕೆಂಬಾವುಟದ ಮನುಷ್ಯ ವ್ಯಾಪಾರಿಗಳ ಊರಿನಲ್ಲಿ ಮೂರು ಸಲ ಹೇಗೆ ಗೆದ್ದರು? ಆ ಉತ್ತರ ಗೇಟ್ ಮೀಟಿಂಗಿನ ಸುದ್ದಿಗಳಲ್ಲಿದೆ, ಬೋನಸ್ಸಿನ ಮಾತುಕತೆಗಳಲ್ಲಿದೆ, ಯಾವ ಓಣಿಗೆ ನಲ್ಲಿ ಬಂತು ಅನ್ನುವ ಮೂರು ಸಾಲಿನಲ್ಲಿದೆ. ನಾಟಕದ ಕಲಾವಿದೆ ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂದಾಗ ರಾಜ್ಯವೆಲ್ಲ ಬರೆಯಿತು. ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಊರೂರಲ್ಲಿ ಟೆಂಟು ಹಾಕಿ, ಪ್ರತಿ ರಾತ್ರಿ ಆಟ ಕಟ್ಟಿದ ವರ್ಷಗಳನ್ನು ನೋಡಬೇಕಾದರೆ ಊರ ಪತ್ರಿಕೆಯ ಮೂಲೆಯಲ್ಲಿದ್ದ ನಾಟಕದ ಜಾಹೀರಾತೇ ಗತಿ.

ಇನ್ನೂ ದೊಡ್ಡ ಉದಾಹರಣೆ ಹೊಸದುರ್ಗದ್ದು. 1962ರ ವಿಧಾನಸಭಾ ಚುನಾವಣೆಯಲ್ಲಿ ಎಸ್. ನಿಜಲಿಂಗಪ್ಪನವರು ಅಲ್ಲಿ ಸೋತರು. ಆಗಲೇ ಒಂದು ಸಲ ಮುಖ್ಯಮಂತ್ರಿ ಆಗಿದ್ದವರು. ಕರ್ನಾಟಕದ ಏಕೀಕರಣಕ್ಕೆ ದುಡಿದವರು. ಮತ್ತೆ ಅವರೇ ಮುಖ್ಯಮಂತ್ರಿ ಅಂತ ಎಲ್ಲರೂ ಅಂದುಕೊಂಡಿದ್ದಾಗ ತಮ್ಮ ಜಿಲ್ಲೆಯಲ್ಲೇ ಸೋತರು. ಎಸ್.ಆರ್. ಕಂಠಿಯವರು ಸುಮಾರು ಮೂರು ತಿಂಗಳು ಮುಖ್ಯಮಂತ್ರಿ ಆಗಿದ್ದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಗೆದ್ದು ಬಂದ ಮೇಲೆ ಜಾಗ ಬಿಟ್ಟುಕೊಟ್ಟರು. ಈ ಕಥೆಯನ್ನು ಹೇಳುವಾಗ ನಾವು ಸೋತವರ ಹೆಸರು ಹೇಳುತ್ತೇವೆ, ಜಾಗ ಕಾಯ್ದವರ ಹೆಸರು ಹೇಳುತ್ತೇವೆ. ಗೆದ್ದವರು ಯಾರು? ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪ. ಅಷ್ಟು ದೊಡ್ಡ ಮನುಷ್ಯನನ್ನು ಸೋಲಿಸಿದವರು. ಜನ ಯಾಕೆ ಅವರನ್ನು ಆರಿಸಿದರು, ಅವರು ಹಳ್ಳಿಗಳಲ್ಲಿ ಏನು ಮಾತಾಡಿದರು ಅನ್ನೋದನ್ನು ಆ ಊರಿನ ಪತ್ರಿಕೆ ಬಿಟ್ಟು ಬೇರೆ ಯಾರು ಬರೆದಿಟ್ಟಾರು?

ದಾವಣಗೆರೆಯಲ್ಲಿ ಏನೂ ಸಿಗದೆ ಕೂತಿದ್ದಾಗ ಯಾರೋ ಹೇಳಿದರು, ದುರ್ಗದಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ, ಹಳೇ ಪೇಪರ್ ಇಟ್ಟಿದ್ದಾರೆ ಅಂತ. ದಾವಣಗೆರೆಯ ಪೇಪರ್ ದುರ್ಗದಲ್ಲಿ ಯಾಕೆ ಇರುತ್ತೆ ಅಂತ ಒಂದು ಕ್ಷಣ ಅನ್ನಿಸಿತು. ಆಮೇಲೆ ನೆನಪಾಯಿತು. ಆಗ ದಾವಣಗೆರೆ ಜಿಲ್ಲೆ ಎಲ್ಲಿತ್ತು? ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಅದು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಜೆ.ಎಚ್. ಪಟೇಲರು ಮುಖ್ಯಮಂತ್ರಿ ಆಗಿದ್ದಾಗ, 1997ರ ಆಗಸ್ಟ್ 15ರಂದು ಹೊಸ ಜಿಲ್ಲೆ ಆಯಿತು. ಅಲ್ಲಿಯವರೆಗೆ ಪತ್ರಿಕೆಯ ನೋಂದಣಿ, ಜಾಹೀರಾತು, ಕಚೇರಿ ಕೆಲಸ ಏನೇ ಇದ್ದರೂ ದುರ್ಗಕ್ಕೇ ಹೋಗಬೇಕಿತ್ತು. ಪತ್ರಿಕೆಯ ಒಂದೊಂದು ಪ್ರತಿಯೂ ಅದೇ ದಾರಿ ಹಿಡಿದಿತ್ತು.

ಮೇಷ್ಟ್ರ ಮನೆ ಕೋಟೆಗೆ ಹೋಗುವ ದಾರಿಯಲ್ಲಿ. ಎಂಬತ್ತು ದಾಟಿದ ವಯಸ್ಸು. ಒಳಗಿನ ಕೋಣೆಯಲ್ಲಿ ಗೋಡೆ ಉದ್ದಕ್ಕೂ ಅಟ್ಟಣಿಗೆ. ಒಂದೊಂದು ವರ್ಷದ ಪತ್ರಿಕೆಯನ್ನೂ ದಬ್ಬಣದಲ್ಲಿ ಹೊಲಿದು, ಮೇಲೆ ರಟ್ಟು ಹಾಕಿ, ನಡುನಡುವೆ ಬೇವಿನ ಎಲೆ ಇಟ್ಟಿದ್ದರು. "ಯಾಕೆ ಮೇಷ್ಟ್ರೇ ಇಷ್ಟೊಂದು ಕಷ್ಟಪಟ್ಟಿದ್ದೀರಿ?" ಅಂದೆ. ಅವರು ಹುಲ್ಲೂರು ಶ್ರೀನಿವಾಸ ಜೋಯಿಸರ ಮಾತೆತ್ತಿದರು. ಪಾಳೆಯಗಾರರ ಕಾಲದ ಓಲೆಗರಿ, ಕಡತ, ಬಖೈರು, ನಾಣ್ಯ ಅಂತ ಜೋಯಿಸರು ಊರೂರು ತಿರುಗಿ ಕೂಡಿಹಾಕಿದರು. ಅವರು ಹಾಗೆ ಮಾಡದಿದ್ದರೆ ದುರ್ಗದ ಚರಿತ್ರೆಯಲ್ಲಿ ಅರ್ಧ ಬರೀ ದಂತಕಥೆಯಾಗಿ ಉಳಿಯುತ್ತಿತ್ತು. "ಅವರು ನಾಯಕರ ಕಾಲದ್ದು ಇಟ್ಟರು. ನಮ್ಮ ಕಾಲದ್ದು ನಾವು ಇಡಬೇಕಲ್ಲಪ್ಪ" ಅಂದರು ಮೇಷ್ಟ್ರು. ಅಷ್ಟೇ ಅವರ ಕಾರಣ.

ಮಾತಿಗೆ ಮಾತು ಬೆಳೆದು ಬ್ರಹ್ಮಗಿರಿಯ ಕಡೆ ಹೋಯಿತು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ. ಸುವರ್ಣಗಿರಿಯಿಂದ ಇಸಿಲ ಅನ್ನುವ ಊರಿನ ಅಧಿಕಾರಿಗಳಿಗೆ ಬಂದ ಸಂದೇಶ ಅದು. ಮೊದಲು ಅವರ ಆರೋಗ್ಯ ವಿಚಾರಿಸಿ, ಆಮೇಲೆ ರಾಜನ ಮಾತು ಹೇಳುತ್ತೆ. ಕೊನೆಯಲ್ಲಿ ಚಪಡ ಅನ್ನುವ ಲಿಪಿಕಾರ ತನ್ನ ಹೆಸರು ಹಾಕಿದ್ದಾನೆ. 'ಲಿಪಿಕಾರ' ಅನ್ನೋ ಮಾತನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ದೂರದ ವಾಯವ್ಯ ಭಾರತದ ಲಿಪಿ. ಚಕ್ರವರ್ತಿಯ ಅಪ್ಪಣೆಯ ಕೆಳಗೆ ಒಬ್ಬ ಬರೆಯುವ ಕೆಲಸದವನ ಹೆಸರು ಎರಡು ಸಾವಿರದ ಇನ್ನೂರು ವರ್ಷದಿಂದ ಉಳಿದಿದೆ. ಅಜ್ಜನ ಒಂದು ಹೆಸರಿಗೆ ನಾನು ಪಟ್ಟ ಪಾಡಿನ ನಡುವೆ ಈ ಚಪಡನ ವಿಷಯ ಕೇಳಿ ಮೈ ಜುಮ್ಮೆಂದಿತು.

1974ರ ಕಟ್ಟು ಸಿಕ್ಕಿತು. ವಾರಪತ್ರಿಕೆಯೂ ಅದರಲ್ಲೇ ಇತ್ತು. ಎರಡು ದಿನ ಕೂತು ಮಾರ್ಚ್‌ನಿಂದ ಜುಲೈವರೆಗೆ ಪ್ರತಿ ಪುಟ ನೋಡಿದೆ. ಅಜ್ಜನ ಹೆಸರು ಇರಲಿಲ್ಲ.

ಆದರೆ ಊರು ಇತ್ತು. ನಾಲ್ಕೇ ಪುಟದಲ್ಲಿ ಇಡೀ ಊರು. ಕಳೆದುಹೋದ ಎಮ್ಮೆ, ಶಾಲೆಗೆ ಬೆಂಚು ಕೊಟ್ಟವರು, ಸಿನಿಮಾ ಟಾಕೀಸಿನ ಜಾಹೀರಾತು, ದುಗ್ಗಮ್ಮನ ಜಾತ್ರೆಯ ನೆನಪು, ಪುರಸಭೆಯ ಜಗಳ. ಮುಂದಿನ ವರ್ಷದ ಕಟ್ಟನ್ನೂ ಸುಮ್ನೆ ತಿರುವಿದೆ. 1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಬಂತಲ್ಲ, ಅದರಾಚೆ ಗೇಟ್ ಮೀಟಿಂಗೇ ಇಲ್ಲ. ಮುಷ್ಕರದ ಸುದ್ದಿ ಇಲ್ಲ. ಎಲ್ಲಾ ಕಡೆ ಇಪ್ಪತ್ತು ಅಂಶಗಳ ಕಾರ್ಯಕ್ರಮ, ಗಿಡ ನೆಟ್ಟ ಸುದ್ದಿ. ದಿಲ್ಲಿಯಲ್ಲಿ ಏನಾಯಿತು ಅಂತ ನಾವು ಪುಸ್ತಕದಲ್ಲಿ ಓದಿದ್ದೇವೆ. ಆದರೆ ದಾವಣಗೆರೆಯ ಒಂದು ನಾಲ್ಕು ಪುಟದ ಪೇಪರ್ ಹೀಗೆ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದ್ದನ್ನು ಕೈಯಲ್ಲಿ ಹಿಡಿದು ನೋಡಿದಾಗ ಆಗುವ ಸಂಕಟ ಬೇರೆ.

ಹೊರಡುವ ಮುಂಚೆ ಕೊನೆಯ ಪುಟದ ಕೊನೆಯ ಸಾಲಿನ ಮೇಲೆ ಕಣ್ಣು ಬಿತ್ತು. ಮುದ್ರಕರು, ಪ್ರಕಾಶಕರು, ಇಂಥ ಪ್ರೆಸ್, ಮಂಡಿಪೇಟೆ, ದಾವಣಗೆರೆ. ಯಾರೂ ಓದದ ಸಾಲು ಅದು. 1867ರ ಬ್ರಿಟಿಷರ ಕಾಯ್ದೆಯಿಂದಾಗಿ ಪ್ರತಿ ಪತ್ರಿಕೆಯೂ ಮುದ್ರಕರ ಹೆಸರು, ಮುದ್ರಿಸಿದ ಜಾಗ ಹಾಕಲೇಬೇಕಿತ್ತು. ಯಾರು ಎಲ್ಲಿ ಅಚ್ಚು ಮಾಡುತ್ತಾರೆ ಅಂತ ಸರ್ಕಾರಕ್ಕೆ ಗೊತ್ತಿರಲಿ ಅಂತ ಮಾಡಿದ ಕಾಯ್ದೆ. 2023ರಲ್ಲಿ ಹೊಸ ಕಾಯ್ದೆ ಪಾಸಾಗುವವರೆಗೂ ಅದೇ ನಡೆಯಿತು. ಆ ಸಾಲು ನನಗೆ ದಾರಿ ತೋರಿಸಿತು. ಆ ಪ್ರೆಸ್ಸಿನ ಹೆಸರನ್ನು ನಾನು ಮನೆಯಲ್ಲೇ ಕೇಳಿದ್ದೆ. ನಮ್ಮ ದೊಡ್ಡಪ್ಪ ಪ್ರಾಯದಲ್ಲಿ ಅಲ್ಲೇ ಕಾಂಪೋಸಿಟರ್ ಆಗಿದ್ದರು.

ಮದುವೆ ಕಾರ್ಡು, ಬಿಲ್ ಬುಕ್ಕು ಮಾಡುತ್ತಿದ್ದರು ಅಂತ ನನಗೆ ಗೊತ್ತಿತ್ತು. ಪತ್ರಿಕೆಯ ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಜೋಡಿಸಿದ್ದು ಗೊತ್ತಿರಲಿಲ್ಲ. ಅವರೂ ಹೇಳಿರಲಿಲ್ಲ. ನಾನು ಕೇಳಿದ ಮೇಲೆ ಎರಡು ಗಂಟೆ ಮಾತಾಡಿದರು. ಅಷ್ಟು ಮಾತಾಡಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಕನ್ನಡ ಜೋಡಿಸುವುದು ಇಂಗ್ಲಿಷ್ ಜೋಡಿಸಿದ ಹಾಗಲ್ಲ. ಅಕ್ಷರ, ಗುಣಿತ, ಕೊಂಬು, ಒತ್ತು ಅಂತ ಮೊಳೆ ಇಡುವ ಕೇಸಿನಲ್ಲಿ ನೂರಾರು ಮನೆ. ಯಾವ ಮನೆಯಲ್ಲಿ ಯಾವ ಮೊಳೆ ಅಂತ ಕಣ್ಣು ಮುಚ್ಚಿಕೊಂಡೇ ಗೊತ್ತಿರಬೇಕು. ಎಡಗೈಯಲ್ಲಿ ಸಾಲು ಜೋಡಿಸುವ ಸ್ಟಿಕ್ಕು. ಅಕ್ಷರ ಎಲ್ಲಾ ಉಲ್ಟಾ. ಒಂದೊಂದು ಸಾಲು ಬಿಗಿಯಾಗಿ ಕೂರಬೇಕು, ಇಲ್ಲದಿದ್ದರೆ ಮೊಳೆ ಉದುರುತ್ತೆ. ಸಾಲುಗಳನ್ನು ಇಡುವ ತಟ್ಟೆ, ಅಂದರೆ ಗ್ಯಾಲಿ, ತುಂಬಿದ ಮೇಲೆ ದಾರ ಕಟ್ಟಿ, ಮಸಿ ಸವರಿ ಪ್ರೂಫ್ ತೆಗೆಯಬೇಕು. ಸಂಪಾದಕರು ತಿದ್ದಿದ ಮೇಲೆ ಚಿಮಟದಿಂದ ತಪ್ಪು ಮೊಳೆ ಕಿತ್ತು ಸರಿ ಮೊಳೆ ಕೂರಿಸಬೇಕು. ಫೋಟೋ ಬೇಕು ಅಂದರೆ ಅದರ ಅಚ್ಚಿನ ಬ್ಲಾಕು ಹೊರಗಡೆ ಮಾಡಿಸಬೇಕು, ಅದಕ್ಕೆ ದುಡ್ಡು. ಹಾಗಾಗಿ ಒಬ್ಬರೇ ಲೀಡರ ಒಂದೇ ಫೋಟೋ ವರ್ಷಗಟ್ಟಲೆ ಬರುತ್ತಿತ್ತು. ಅಚ್ಚಾದ ಮೇಲೆ ಎಲ್ಲಾ ಮೊಳೆಯನ್ನೂ ಬಿಚ್ಚಿ ಮತ್ತೆ ಅದರದರ ಮನೆಗೆ ಹಾಕಬೇಕು. ಹೋದ ವಾರದ ಸುದ್ದಿಯ ಅಕ್ಷರದಲ್ಲೇ ಈ ವಾರದ ಸುದ್ದಿ.

"ಹೆಸರು ಸಿಗಲಿಲ್ಲ ದೊಡ್ಡಪ್ಪ" ಅಂದೆ.

"ಹೆಸರು ಪೂರ್ತಿ ಹುಡುಕಿದ್ಯಾ?"

"ಹೌದು."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. "ನೋಡೋ ತಮ್ಮಾ, ನಮ್ಮ ಕಡೆ ಹೆಸರು ಹೆಂಗಿರ್ತವೆ ಹೇಳು. ಎಲ್ಲಾ ಅಪ್ಪನೇ. ಹನುಮಂತಪ್ಪ, ನಿಜಲಿಂಗಪ್ಪ, ಬಸಪ್ಪ, ರುದ್ರಪ್ಪ. ಒಂದು ಸಭೆ ಸುದ್ದಿ ಅಂದ್ರೆ ಇಪ್ಪತ್ತು ಅಪ್ಪ. ಪ-ಒತ್ತು ಎಷ್ಟು ಇದ್ರೂ ಸಾಲ್ತಿರಲಿಲ್ಲ. ದೊಡ್ಡೋರ ಹೆಸರಿಗೆ ಮೊದಲು ಒತ್ತು ಹಾಕ್ತಿದ್ವಿ. ಅವರ ಹೆಸರು ಮೊಟಕು ಮಾಡೋಕಾಗಲ್ಲ. ಕೆಳಗಿನೋರಿಗೆ ಬರೋ ಹೊತ್ತಿಗೆ ಒತ್ತು ಖಾಲಿ. ಆಗ ಅಪ್ಪ ಬಿಟ್ಟು ಬರೀ ಬಸವ, ರುದ್ರ ಅಂತ ಜೋಡಿಸ್ತಿದ್ವಿ. ಜಾಗಾನೂ ಇಲ್ಲ ಅಂದ್ರೆ ಹೆಸರೇ ತೆಗೆದು ಮತ್ತಿತರರು ಅಂತ ಹಾಕೋದು. ಮತ್ತಿತರರು ಅನ್ನೋದನ್ನ ಜೋಡಿಸಿ ಕಟ್ಟಿ ಇಟ್ಟಿರ್ತಿದ್ವಿ. ದಿನಾ ಬೇಕಲ್ಲ."

"ಮತ್ತೆ ಮ-ಒತ್ತು?" ಅಂತ ಕೇಳಿದೆ.

"ಅದು ಯಾವಾಗಲೂ ಉಳೀತಿತ್ತು. ನಮ್ಮ, ತಮ್ಮ ಅನ್ನೋದಕ್ಕೆ ಬೇಕಾಗ್ತಿತ್ತು ಅಷ್ಟೇ. ಹೆಂಗಸರ ಹೆಸರು ಎಲ್ಲಿ ಬರ್ತಿತ್ತು?"

ಈ ಮಾತು ನನಗೆ ಈಗಲೂ ಕಿವಿಯಲ್ಲಿದೆ. ಇದು ಬಳ್ಳಾರಿ ಸಿದ್ದಮ್ಮನವರ ಊರು. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋಗಿಬಂದ ಹೆಂಗಸು. ನಾಗಮ್ಮ ಕೇಶವಮೂರ್ತಿಯವರು ಶಾಸಕಿಯಾಗಿ, ಮಂತ್ರಿಯಾಗಿ ದುಡಿದ ಊರು, ವನಿತಾ ಸಮಾಜ ಕಟ್ಟಿದ ಊರು. ಅಂಥ ಊರಿನಲ್ಲೂ ಮ-ಒತ್ತು ಉಳಿಯುತ್ತಿತ್ತು. ಮಿಲ್ಲಿನಲ್ಲಿ, ಮಂಡಕ್ಕಿ ಭಟ್ಟಿಯಲ್ಲಿ ದುಡಿದ ಹೆಂಗಸರು ಮತ್ತಿತರರು ಅನ್ನುವುದರೊಳಗೂ ಇರಲಿಲ್ಲ. ಅದರ ಹೊರಗಿದ್ದರು.

ಊರ ಪತ್ರಿಕೆಯನ್ನು ನಾನು ಬರೀ ಹೊಗಳುತ್ತಿಲ್ಲ. ಒತ್ತು ಯಾರಿಗೆ ಮೊದಲು ಅನ್ನೋದು ಬರೀ ಮೊಳೆಯ ಕೊರತೆ ಅಲ್ಲ. ಯಾರ ಜಾಹೀರಾತಿನಿಂದ ಪತ್ರಿಕೆ ನಡೆಯುತ್ತೆ, ಯಾವ ಜಾತಿಯವರು ಯಾವ ಪುಟದಲ್ಲಿ ಬರುತ್ತಾರೆ, ಯಾರ ಹುಟ್ಟುಹಬ್ಬಕ್ಕೆ ಪೂರ್ತಿ ಪುಟ, ಇದೆಲ್ಲ ನಮ್ಮೆಲ್ಲರಿಗೂ ಗೊತ್ತಿರೋದೇ. ಹಬ್ಬ, ಚುನಾವಣೆ ಬಂದಾಗ ಮಾತ್ರ ಅಚ್ಚಾಗುವ ಹಾಳೆಗಳೂ ಇವೆ. ಆದರೂ ತಿಂಗಳ ಸಂಬಳ ಸರಿಯಾಗಿ ಬಾರದೆ, ಸೈಕಲ್ ತುಳಿದು, ಸಭೆಯ ಕೊನೆಯವರೆಗೂ ನಿಂತು ಹೆಸರು ಬರೆದುಕೊಂಡ ವರದಿಗಾರರ ಮೇಲೆ ನನಗೆ ಅಪಾರ ಗೌರವ. ಅವರ ಪುಸ್ತಕದಲ್ಲಿ ಎಲ್ಲರ ಹೆಸರೂ ಇತ್ತು. ಪುಟದಲ್ಲಿ ಜಾಗ ಇರಲಿಲ್ಲ.

1939ರಲ್ಲಿ ದುರ್ಗದ ಹತ್ತಿರದ ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆಯಿತು. ನಿಜಲಿಂಗಪ್ಪನವರು ಅದರ ಮುಂದಾಳು. ಅವರ ಹೆಸರು ಚರಿತ್ರೆಯಲ್ಲಿದೆ. ಅವರು ಮುಖ್ಯಮಂತ್ರಿಯಾದರು, ಕಾಂಗ್ರೆಸ್ ಅಧ್ಯಕ್ಷರಾದರು, ಕೊನೆಗೆ ದುರ್ಗದ ಮನೆಗೆ ಬಂದು ಸರಳವಾಗಿ ಬದುಕಿದರು. 2000ರ ಆಗಸ್ಟ್‌ನಲ್ಲಿ ಅಲ್ಲೇ ತೀರಿಕೊಂಡರು. ಸೀಬಾರದಲ್ಲಿ ಅವರ ಸ್ಮಾರಕ ಇದೆ. ಅವರು ಡೈರಿ ಬರೆಯುತ್ತಿದ್ದರು, ಹಾಗಾಗಿ ಅವರ ನಡುವಿನ ದಿನಗಳೂ ಉಳಿದವು. ಅವತ್ತು ಅವರ ಜೊತೆ ಕೊಡಲಿ ಹಿಡಿದು ನಿಂತ ತುರುವನೂರಿನ ರೈತರು ಡೈರಿ ಬರೆಯಲಿಲ್ಲ.

ಈಗ ಮೊಳೆಯ ಕೊರತೆ ಇಲ್ಲ. ಕಂಪ್ಯೂಟರಿನಲ್ಲಿ ಎಷ್ಟು ಒತ್ತು ಬೇಕಾದರೂ ಬರುತ್ತೆ. ಊರ ಪತ್ರಿಕೆ ಬೆಳಿಗ್ಗೆ ಐದಕ್ಕೇ ವಾಟ್ಸಾಪ್‌ನಲ್ಲಿ ಪಿಡಿಎಫ್ ಆಗಿ ಬರುತ್ತೆ. ಓದಿ ಡಿಲೀಟ್ ಮಾಡುತ್ತೇವೆ. ಫೋನ್ ಬದಲಾದರೆ ಅದೂ ಹೋಯಿತು. ಮೇಷ್ಟ್ರ ಹಾಗೆ ಅದನ್ನು ಯಾರು ಹೊಲಿದಿಡುತ್ತಿದ್ದಾರೆ? ಎರಡೂ ಜಿಲ್ಲೆಯಲ್ಲಿ ಕಾಲೇಜುಗಳಿವೆ, ದಾವಣಗೆರೆಯಲ್ಲಿ ವಿಶ್ವವಿದ್ಯಾಲಯ ಇದೆ. ಹಳೇ ಕಟ್ಟುಗಳನ್ನು ಹುಡುಕಿ ಸ್ಕ್ಯಾನ್ ಮಾಡುವ ಕೆಲಸವನ್ನು ಮಕ್ಕಳಿಗೆ ಹಚ್ಚಬಹುದು. ಮೇಷ್ಟ್ರಿಗೆ ವಯಸ್ಸಾಗಿದೆ. ಅವರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಆ ಕೋಣೆಯ ಮುಂದಿನ ಗತಿ ನೆನೆದರೆ ನನಗೆ ನಿದ್ದೆ ಬರಲ್ಲ.

ದೊಡ್ಡಪ್ಪನ ಮಾತು ಕೇಳಿಕೊಂಡು ಮತ್ತೆ ದುರ್ಗಕ್ಕೆ ಹೋದೆ. ಈ ಸಲ ಅಪ್ಪ ಬಿಟ್ಟು ಹುಡುಕಿದೆ. ಅರ್ಧ ಗಂಟೆಯಲ್ಲಿ ಸಿಕ್ಕಿತು. ಮೇ ತಿಂಗಳ ಸಂಚಿಕೆ, ಮೂರನೇ ಪುಟ, ಎಡಗಡೆ ಕಾಲಂನ ಕೆಳಗೆ. ಒಂಬತ್ತು ಸಾಲು. ರಾತ್ರಿ ಪಾಳಿಯ ಕಾರ್ಮಿಕರಿಗೆ ಕುಡಿಯುವ ನೀರಿನ ವ್ಯವಸ್ಥೆ ಮಾಡಬೇಕೆಂದು ಸಭೆ ಒತ್ತಾಯಿಸಿತು. ಮಾತನಾಡಿದವರು ಅಂತ ಮೂರು ಜನ ಮುಖಂಡರ ಪೂರ್ತಿ ಹೆಸರು, ಒತ್ತು ಸಮೇತ. ನಾಲ್ಕನೆಯದು ಅಜ್ಜನದು. ಎರಡೇ ಅಕ್ಷರ. ಅದರ ಮುಂದೆ 'ಮತ್ತಿತರರು ಉಪಸ್ಥಿತರಿದ್ದರು.' ಇನ್ನೊಬ್ಬ ಮುಖಂಡರು ಅವತ್ತು ಮಾತಾಡಿದ್ದರೆ ಅಜ್ಜ ಇರುತ್ತಿರಲಿಲ್ಲ.

ಫೋಟೋ ತೆಗೆದುಕೊಂಡು ಬಂದೆ. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅಮ್ಮನ ಕೈಗೆ ಕೊಟ್ಟೆ. ಅಮ್ಮ ಎರಡು ಸಲ ಓದಿದಳು. "ಅಪ್ಪನ್ನ ಮಿಲ್ಲಲ್ಲಿ ಹೀಗೇ ಕರೀತಿದ್ರು" ಅಂದಳು. ಆಮೇಲೆ ಮಾತಾಡಲಿಲ್ಲ.

ದೊಡ್ಡಪ್ಪನಿಗೂ ಒಂದು ಪ್ರತಿ ಕೊಟ್ಟೆ. ಅವರು ಕನ್ನಡಕ ತೆಗೆದು ಭೂತಗನ್ನಡಿ ಹಿಡಿದುಕೊಂಡರು. ಹೆಸರು ನೋಡಲಿಲ್ಲ. ಮತ್ತಿತರರು ಅನ್ನುವುದರ ಮೇಲೆ ಬೆರಳಿಟ್ಟರು. ಅಲ್ಲಿ ಮೊದಲನೇ 'ರ' ಸ್ವಲ್ಪ ಸೀಳಿತ್ತು, ತಲೆಕಟ್ಟಿನ ತುದಿ ಮುರಿದಿತ್ತು.

"ಈ ಮೊಳೆ ನಮ್ಮ ಕೇಸಿಂದು. ಒಂದು ಸಲ ನನ್ನ ಕೈಯಿಂದನೇ ಬಿದ್ದು ಮುರೀತು. ಬೇರೆ ತರಿಸೋಕೆ ದುಡ್ಡಿಲ್ಲ ಅಂತ ಅದನ್ನೇ ಕಟ್ಟಿಟ್ಟಿದ್ವಿ" ಅಂದರು. "ಮೇಷ್ಟ್ರ ಹತ್ರ ಇನ್ನೂ ಎಷ್ಟು ವರ್ಷದ್ದು ಐತೆ? ನನ್ನೂ ಕರ್ಕೊಂಡು ಹೋಗು."